ಪ್ರೀಸ್ಯಾಳ ಮಗ ಕೊಟ್ಟ ಉತ್ತರ

ಗಡಿಯಾಚೆಯ ರಷ್ಯದ ನಾಯಕ ಭಾಷಣಕ್ಕೆ ಕೂತರೆ ಎರಡು ಗಂಟೆಗೆ ಮೊದಲು ಏಳುವ ಪೈಕಿಯವನಲ್ಲ. ಅವನ ಭಾಷಣದ ತುಣುಕುಗಳನ್ನು ಫೋನಿನಲ್ಲಿ ನೋಡಿ ನಗುವುದೆಂದರೆ ಉಕ್ರೇನಿನ ಈ ತುಕಡಿಯವರಿಗೆ ಊಟದ ಜೊತೆಯ ಉಪ್ಪಿನಕಾಯಿ. ಆವತ್ತೂ ಮಧ್ಯಾಹ್ನ ಓಕ್ ತೋಪಿನ ಕೆಳಗೆ ತೋಡಿದ ಬಂಕರಿನಲ್ಲಿ ಎಲ್ಲರೂ ಬೋರ್ಷ್ ಸಾರಿನ ಬಟ್ಟಲು ಹಿಡಿದು ಒಂದೇ ಫೋನಿಗೆ ಮುತ್ತಿಕೊಂಡಿದ್ದರು.

“ಅಲ್ಲಿ ನಮ್ಮ ಭಾಷೆ ಆಡಿದವರ ನಾಲಿಗೆ ಕತ್ತರಿಸುತ್ತಾರೆ,” ಎಂದ ನಾಯಕ.

“ಏಯ್ ಝಖಾರ್, ನಾಲಿಗೆ ತೋರ್ಸಪ್ಪ, ಇದ್ಯಾ ಇನ್ನೂ?” ಎಂದ ಯುರ್ಕೋ. ಯುರ್ಕೋ ಪಶ್ಚಿಮದ ಬೆಟ್ಟಗಳ ಕಡೆಯವನು, ಹೊಟ್ಟೆಯಲ್ಲಿ ಮಾತು ನಿಲ್ಲದವನು.

ಝಖಾರ್ ಸಾರಿನ ಬೀಟ್‌ರೂಟಿನಿಂದ ಕೆಂಪಾದ ನಾಲಿಗೆಯನ್ನು ಉದ್ದಕ್ಕೆ ಚಾಚಿ ತೋರಿಸಿದ. ಯುದ್ಧಕ್ಕೆ ಮುಂಚೆ ಅವನು ಉಕ್ರೇನಿನ ಪೂರ್ವದ ಹಳ್ಳಿಗಳ ನಡುವೆ ಬಸ್ಸು ಓಡಿಸುತ್ತಿದ್ದ. ತೊಟ್ಟಿಲಿನಿಂದಲೇ ಅವನ ಭಾಷೆ ರಷ್ಯನ್. ಲಾಲಿ ಕೇಳಿದ್ದು ಅದರಲ್ಲೇ, ಟಿಕೆಟ್ ಕೊಳ್ಳದವರನ್ನು ಬೈದದ್ದೂ ಅದರಲ್ಲೇ. ಅವನ ನಾಲಿಗೆಗೆ ಯಾರೂ ಕತ್ತರಿ ತಂದಿರಲಿಲ್ಲ. ಬಂಕರಿನಲ್ಲಿ ನಗೆ ಎದ್ದಿತು.

ಆದರೆ ಭಾಷಣ ಮುಗಿದಿರಲಿಲ್ಲ. “ನಾವು ಬಿಡಿಸಿದ ಊರುಗಳಲ್ಲಿ ಅವರ ಸೈನಿಕರ ತಾಯಂದಿರೇ ರೊಟ್ಟಿ ಉಪ್ಪು ಕೊಟ್ಟು ನಮ್ಮನ್ನು ಬರಮಾಡಿಕೊಳ್ಳುತ್ತಿದ್ದಾರೆ,” ಎಂದ ನಾಯಕ. ಪರದೆಯ ಮೇಲೆ ತೆರ್ನೋವಾ ಬಾಲ್ಕಾ ಎಂಬ ಹಳ್ಳಿ ಬಂತು. ಒಬ್ಬ ಮುದುಕಿ ಕಸೂತಿ ಬಟ್ಟೆಯ ಮೇಲೆ ದುಂಡು ರೊಟ್ಟಿ, ಅದರ ಮೇಲೊಂದು ಉಪ್ಪಿನ ಬಟ್ಟಲು ಇಟ್ಟುಕೊಂಡು ಬಂದು, ಅಧಿಕಾರಿಯೊಬ್ಬನ ಮುಂದೆ ಬಗ್ಗಿ, “ಧನ್ಯವಾದ ಮಕ್ಕಳೇ,” ಎಂದಳು. ಇವಳು ಪ್ರೀಸ್ಯಾ ಶೆಲೆಸ್ತ್, ಇವಳ ಮಗ ಝಖಾರ್ ಶತ್ರುಗಳ ಕಡೆ ಹೋರಾಡುತ್ತಿದ್ದಾನೆ ಎಂದು ಟೀವಿಯವನು ಬಿಡಿಸಿ ಹೇಳಿದ.

ನಗೆ ಅಲ್ಲಿಗೇ ನಿಂತಿತು. ಎಲ್ಲರ ಕಣ್ಣೂ ತಂತಮ್ಮ ಬಟ್ಟಲಿಗೆ ಇಳಿದವು. ಯುರ್ಕೋ ಮಾತ್ರ ಬಾಯಿಬಿಟ್ಟ: “ನಮ್ಮಮ್ಮ ಆಗಿದ್ರೆ ಕುದಿಯೋ ನೀರು ಎರಚಿರ್ತಿದ್ಳು.”

ಝಖಾರ್ ಅರ್ಧ ಸಾರು ಬಿಟ್ಟು ಎದ್ದು ಹೊರಗೆ ಹೋದ. ಅವನ ಹಿಂದೆಯೇ ಒದಾರ್ಕಾ ಬಂದಳು. ತುಕಡಿಯ ಗಾಯಾಳುಗಳನ್ನು ನೋಡಿಕೊಳ್ಳುವ ಹೆಣ್ಣು. ಝಖಾರನ ಊರಿಂದ ಹೊಳೆ ದಾಟಿದರೆ ಅವಳ ಊರು.

“ಅಣ್ಣಾ, ಬಟ್ಟೆ ನೋಡಿದ್ಯಾ?” ಎಂದಳು.

“ನೋಡ್ದೆ.”

“ಕಪ್ಪು ದಾರ!”

“ನೋಡ್ದೆ ಅಂದ್ನಲ್ಲ.”

ಆ ಹೊಳೆಯ ಎರಡೂ ದಂಡೆಯ ಹತ್ತಾರು ಹಳ್ಳಿಗಳಲ್ಲಿ ಹೆಂಗಸರು ಮದುವೆಗೆ, ನೆಂಟರಿಗೆ ಕೆಂಪು ದಾರದ ಕಸೂತಿ ಹಾಕುತ್ತಾರೆ. ವಯಸ್ಸಾಗುತ್ತ ಬಂದ ಹೆಂಗಸು ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಗಂಟು ಕಟ್ಟಿಡುತ್ತಾಳೆ. ತನ್ನ ಕೊನೆಯ ದಿನ ಉಡಿಸಬೇಕಾದ ಲಂಗ, ರವಿಕೆ, ಒಂದು ಮೇಣದಬತ್ತಿ, ಶವಪೆಟ್ಟಿಗೆಯ ಮೇಲೆ ಹಾಸಲು ಬರೀ ಕಪ್ಪು ದಾರದ ಒಂದು ಬಟ್ಟೆ. ಝಖಾರ್ ಚಿಕ್ಕವನಿದ್ದಾಗ ಅಜ್ಜಿಯ ಗಂಟಿನಿಂದ ಅದನ್ನೆಳೆದು ಗುಡಾರ ಮಾಡಿಕೊಂಡು ಆಡಿ, ಬೆನ್ನು ಉರಿಯುವ ಹಾಗೆ ಏಟು ತಿಂದಿದ್ದ. ಬದುಕಿರುವವರ ಮುಂದೆ ಅದನ್ನು ಬಿಚ್ಚುವುದೆಂದರೆ, ಇದು ನಿನ್ನ ಹೆಣಕ್ಕೆ ಎಂದು ಮುಖದ ಮೇಲೆ ಹೇಳಿದ ಹಾಗೆ. ದೂರದಿಂದ ಬಂದ ಆ ಅಧಿಕಾರಿ ಅಂಥದ್ದಕ್ಕೆ ತಲೆಬಾಗಿ ಮುತ್ತಿಕ್ಕಿದ್ದ. ಬೀದಿಯ ಹೆಂಗಸರೆಲ್ಲ ಬೇಲಿಯ ಪಕ್ಕ ನಿಂತು ನೋಡಿದ್ದರು. ಒಬ್ಬಳೂ ತುಟಿ ಪಿಟಕ್ಕೆಂದಿರಲಿಲ್ಲ.

“ಒಳ್ಳೇ ಕಸೂತಿದು ತಗೊಂಡ್ ಬಾ ಅಂದಿರ್ತಾರೆ. ತಂದಿದಾಳೆ ಮುದ್ಕಿ!” ಎಂದು ಒದಾರ್ಕಾ ಕಿಸಕ್ಕೆಂದಳು. ಝಖಾರನಿಗೂ ನಗು ತಡೆಯಲಾಗಲಿಲ್ಲ. ಎಂಥ ಹೆಂಗಸು ನನ್ನಮ್ಮ ಎಂದು ಅವನ ಎದೆ ಉಬ್ಬಿತು. ಮರುಕ್ಷಣವೇ ಬಂಕರಿನ ಬಾಗಿಲ ಕಡೆ ತಿರುಗಿ, ಯಾರಿಗಾದರೂ ಕೇಳಿಸಿತೇ ಎಂದು ನೋಡಿದ.

ಅಷ್ಟರಲ್ಲಿ ಸುದ್ದಿ ವಿಭಾಗದ ಲೆಫ್ಟಿನೆಂಟ್ ನಜಾರ್ ಜೀಪಿನಲ್ಲಿ ಬಂದಿಳಿದ. “ಶೆಲೆಸ್ತ್, ನೀನು ಉತ್ತರ ಕೊಡ್ಬೇಕು. ಅವನ ಭಾಷೇಲೇ, ನಿನ್ನ ಮುಖ ತೋರ್ಸಿ. ಇವತ್ತೇ,” ಎಂದ.

“ಸಾರ್, ಉತ್ತರ ಇವನಮ್ಮ ಆಗ್ಲೇ ಕೊಟ್ಟಿದಾಳೆ!” ಎಂದು ಒದಾರ್ಕಾ ಬಟ್ಟೆಯ ಕತೆಯನ್ನೆಲ್ಲ ಒದರಿಬಿಟ್ಟಳು. ನಜಾರನ ಕಣ್ಣು ಅರಳಿದವು. “ಇದಕ್ಕಿಂತ ಇನ್ನೇನು ಬೇಕು? ಪ್ರಪಂಚವೇ ನಗುತ್ತೆ!”

“ಇವತ್ತು ಪ್ರಪಂಚ ನಗುತ್ತೆ, ನಾಳೆ ಬೆಳಿಗ್ಗೆ ಅವಳ ಬಾಗಿಲು ಒದೀತಾರೆ,” ಎಂದ ಝಖಾರ್. “ಆಮೇಲೆ ಆ ಬಟ್ಟೆ ಅವಳಿಗೇ ಹಾಸ್ಬೇಕಾಗುತ್ತೆ. ಈ ಮಾತು ಇಲ್ಲಿಗೇ ಮುಗೀಬೇಕು ಸಾರ್. ಒದಾರ್ಕಾ, ನೀನೂ ಅಷ್ಟೇ.”

ಒದಾರ್ಕಾ ಹೂಂ ಎಂದಳು. ನಜಾರ್ ಕೆಟ್ಟವನಲ್ಲ, ಅವನ ಅಕ್ಕನೂ ಆಚೆ ಕಡೆಯ ಪಟ್ಟಣವೊಂದರಲ್ಲಿ ಸಿಕ್ಕಿಕೊಂಡಿದ್ದಳು. “ಬಲವಂತ ಮಾಡಿದ್ರು ಅಂತ ಹೇಳು ಹಾಗಾದ್ರೆ,” ಎಂದ.

“ಹೌದಾ ಮುದ್ಕಿ, ಬಲವಂತ ಮಾಡಿದ್ವಾ ಅಂತ ಅವಳನ್ನೇ ಕೇಳ್ತಾರೆ.”

“ಅವಳ ಸುದ್ದಿನೇ ಬಿಡು.”

“ಹೆಸರು ಹಿಡಿದು ಹೇಳಿದಾರಲ್ಲ ಸಾರ್. ಮಗ ಯಾಕೆ ಸುಮ್ಮನಿದಾನೆ ಅಂತ ಆ ವಿಡಿಯೋ ಇನ್ನೊಂದ್ ಸಲ ನೋಡ್ತಾರೆ. ಯಾರಾದ್ರೂ ಬಟ್ಟೆ ಕಡೆ ಬೆರಳು ತೋರ್ಸಿದ್ರೆ?” ಝಖಾರ್ ಬೂಟಿನ ಕೆಸರು ಕೆರೆದ. “ನಡೀರಿ, ಹೇಳ್ತೀನಿ. ನೀವು ಬರೆದು ಕೊಡೋ ಚೀಟಿ ಬೇಡ.”

ಮುರಿದ ಟ್ರ್ಯಾಕ್ಟರಿನ ಮುಂದೆ ಅವನನ್ನು ನಿಲ್ಲಿಸಿದರು. ಝಖಾರ್ ಕ್ಯಾಮರಾವನ್ನು ದುರುಗುಟ್ಟಿ ನೋಡಿ, ಬಸ್ಸಿನಲ್ಲಿ ಮಾತಾಡುವ ಹಾಗೇ ಶುರುಮಾಡಿದ.

“ಏನಯ್ಯಾ ಯಜಮಾನ, ನನ್ನ ನಾಲಿಗೆ ಕತ್ತರಿಸಿದಾರೆ ಅಂದ್ಯಲ್ಲ. ಈಗ ನಿನ್ನ ಬೈತಿರೋದು ಯಾವ ನಾಲಿಗೆ? ಈ ಭಾಷೆ ನಿನ್ನೊಬ್ಬನ ಆಸ್ತಿಯಲ್ಲ. ನಮ್ಮಜ್ಜಿನೂ ಇದನ್ನೇ ಆಡ್ತಿದ್ಳು, ನಿನ್ನ ಅಪ್ಪಣೆ ಕೇಳ್ಕೊಂಡು ಆಡ್ಲಿಲ್ಲ. ಬಿಡಿಸೋಕೆ ಬಂದೆ ಅಂತೀಯ. ಯಾರಿಂದ? ಇಪ್ಪತ್ತು ವರ್ಷ ಆ ರಸ್ತೇಲಿ ಬಸ್ ಓಡ್ಸಿದೀನಿ. ರಷ್ಯನ್ ಆಡೋರೂ ಹತ್ತೋರು, ಉಕ್ರೇನಿಯನ್ ಆಡೋರೂ ಹತ್ತೋರು, ಕಿಟಕಿ ಸೀಟಿಗೆ ಬಿಟ್ರೆ ಯಾವತ್ತೂ ಜಗಳ ಆಗ್ಲಿಲ್ಲ. ನನ್ನ ಬಸ್ ಸುಟ್ಟಿದ್ದು ನಿನ್ನ ಬಾಂಬು. ನನ್ನ ಯಾರೂ ಕತ್ತು ಹಿಡಿದು ಇಲ್ಲಿಗೆ ತಳ್ಳಿಲ್ಲ, ನಾನೇ ಬಂದೆ.”

ಇಲ್ಲಿಯವರೆಗೆ ಬಾಣದ ಹಾಗೆ ಬಂದ ಮಾತು ಆಮೇಲೆ ತಡವರಿಸಿತು.

“ಇನ್ನು ಆ ಮುದ್ಕಿ. ಅವಳು ನಿನಗೆ ಮನಸಾರೆ ರೊಟ್ಟಿ ಕೊಟ್ಟಿದಾಳೆ, ಅನುಮಾನ ಬೇಡ. ಅವಳು ಯಾವತ್ತೂ ನಿಮ್ಮ ಕಡೇನೇ. ನಾನು ಸೈನ್ಯಕ್ಕೆ ಸೇರಿದ್ದಕ್ಕೆ ಮನೆಯಿಂದ ಆಚೆ ಹಾಕಿದ್ಳು. ಅವಳಿಗೂ ನನಗೂ ಸಂಬಂಧ ಮುಗೀತು. ಅವಳ ಹೆಸರು ನನ್ನ ಮುಂದೆ ಎತ್ಬೇಡ.”

ಎಲ್ಲ ಸುಳ್ಳು. ಅವನು ಹೊರಟ ದಿನ ಪ್ರೀಸ್ಯಾ ಬಸ್ ನಿಲ್ದಾಣದವರೆಗೆ ಬಂದು, ಕೋಟಿನ ಒಳಗೆ ಶಿಲುಬೆ ಹೊಲಿದು ಕಳಿಸಿದ್ದಳು. ನಜಾರ್ ಕ್ಯಾಮರಾ ಇಳಿಸಿ ಅವನ ತೋಳು ಹಿಡಿದ. ಒದಾರ್ಕಾ ಟ್ರ್ಯಾಕ್ಟರಿನ ಹಿಂದೆ ಹೋಗಿ ಅತ್ತಳು.

ಸಂಜೆಯೊಳಗೆ ಆ ಮಾತು ದೇಶವೆಲ್ಲ ಸುತ್ತಿತು. ಜನ ಹೊಗಳಿದ್ದೇ ಹೊಗಳಿದ್ದು. ತಾಯಿಗಿಂತ ನಾಡು ದೊಡ್ಡದೆಂದು ತೋರಿಸಿದವನಂತೆ, ಬೆಣ್ಣೆ ಬೆಣ್ಣೆ ಮಾತು. ಅದರ ಕೆಳಗೇ ಪ್ರೀಸ್ಯಾಳಿಗೆ ಬೈಗುಳ. ಮುದಿ ದ್ರೋಹಿ ಎಂದವರೆಷ್ಟೋ, ನೇಣಿಗೆ ಹಾಕಿ ಎಂದವರೆಷ್ಟೋ. ಯುರ್ಕೋ ತನ್ನ ಪಾಲಿನ ಹಂದಿಕೊಬ್ಬಿನ ತುಂಡನ್ನು ತಂದು ಅವನ ರೊಟ್ಟಿಯ ಮೇಲಿಟ್ಟ. “ಗಂಡ್ಸು ಕಣೋ ನೀನು. ಅಂಥೋಳ ಋಣ ಹರ್ಕೊಂಡಿದ್ದೇ ಒಳ್ಳೇದಾಯ್ತು,” ಎಂದ. ಝಖಾರನಿಗೆ ಅವನ ಹಲ್ಲುದುರಿಸಬೇಕೆನ್ನಿಸಿತು. ರೊಟ್ಟಿ ಎತ್ತಿ ತಿಂದ.

ಹೊಗಳಿಕೆ, ಬೈಗುಳ ಎರಡನ್ನೂ ನುಂಗಬಹುದಿತ್ತು. ಅವನನ್ನು ಒಳಗೊಳಗೇ ಕೊರೆದದ್ದು ಬೇರೆ. ಅಮ್ಮ ಇದನ್ನು ನಿಜವೆಂದೇ ನಂಬಿದರೆ? ಆಚೆ ಕಡೆ ಫೋನು ಸತ್ತು ಚಳಿಗಾಲ ಕಳೆದಿತ್ತು. ಒಲೆಯ ಮುಂದೆ ಒಬ್ಬಳೇ ಕೂತು, ಹೆತ್ತ ಮಗ ಹೀಗಂದನಲ್ಲ ಎಂದುಕೊಂಡರೆ ಅವಳಿಗೆ ತಿಳಿಹೇಳುವವರು ಯಾರು? ಆ ದಿನಗಳಲ್ಲಿ ಅವನು ಗುಂಡಿಗೂ ಅಷ್ಟು ಹೆದರಲಿಲ್ಲ.

ಉತ್ತರಕ್ಕೆ ಉತ್ತರ ಕೊಡದೆ ಬಿಡುವ ಜಾತಿಯಲ್ಲ ಆಚೆಯ ಟೀವಿಯವರು. ಮತ್ತೆ ತೆರ್ನೋವಾ ಬಾಲ್ಕಾಗೆ ಹೋಗಿ ಪ್ರೀಸ್ಯಾಳ ಬಾಯಿಗೆ ಮೈಕು ಹಿಡಿದರು. ಅದು ಬಂಕರಿನ ಫೋನಿಗೂ ಬಂತು. ಯುರ್ಕೋ ಗಾಬರಿಯಿಂದ ಆರಿಸಲು ಹೋದ. ಝಖಾರ್ ಕಿತ್ತುಕೊಂಡ.

ಪ್ರೀಸ್ಯಾ ತನ್ನದೇ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು.

“ಯಾವ ಮಗ? ಆ ಪೋಕರಿ ಹುಡುಗನಾ? ಅವನೇನು ನಾನು ಹೆತ್ತವನಲ್ಲ, ನನ್ನ ಗಂಡನ ಮೊದಲ ಹೆಂಡ್ತಿ ಮಗ. ಸಾಕಿದ್ದಕ್ಕೆ ಈ ಮರ್ಯಾದೆ. ಅವನ ವಿಚಾರ ಹಿಡ್ಕೊಂಡು ಇನ್ನೊಂದ್ಸಲ ನನ್ನ ಬಾಗಿಲಿಗೆ ಬಂದ್ರೆ ನೋಡಿ. ಹೋಗಿ, ನಂಗೆ ಆಲೂಗಡ್ಡೆ ನೆಡೋದಿದೆ!”

ಬಾಗಿಲು ಧಡಾರನೆ ಮುಚ್ಚಿತು. ಝಖಾರನ ಅಪ್ಪನಿಗೆ ಆಯುಷ್ಯದಲ್ಲಿ ಇದ್ದದ್ದು ಒಬ್ಬಳೇ ಹೆಂಡತಿ, ಪ್ರೀಸ್ಯಾ. ಮಗನ ಸುಳ್ಳಿಗೆ ಅವಳೂ ಸುಳ್ಳು ಸೇರಿಸಿದ್ದಳು.

ಝಖಾರ್ ಅದನ್ನು ಮತ್ತೆ ಹಾಕಿ ನೋಡಿದ, ಮತ್ತೂ ಒಮ್ಮೆ ನೋಡಿದ. ಕಣ್ಣೀರು ಗಡ್ಡಕ್ಕೆ ಇಳಿಯಿತು. ಒದಾರ್ಕಾ ಬಾಯಿಗೆ ತೋಳು ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಯುರ್ಕೋಗೆ ಸಂಕಟವಾಯಿತು. ಪಕ್ಕದಲ್ಲಿ ಕುಕ್ಕರಿಸಿ ಕೂತು, ತನಗೆ ಬಾರದ ಮೆಲುದನಿಯಲ್ಲಿ ಕೇಳಿದ:

“ಬಿಡೋ ಮಾರಾಯ. ಸದ್ಯ, ಮಲತಾಯಿ ಅಲ್ವಾ. ನಿನ್ನ ಹೆತ್ತಮ್ಮ ಹೇಗಿದ್ಳು?”

“ಅವಳಾ?” ಝಖಾರ್ ಮೂಗೊರೆಸಿಕೊಂಡ. “ಅವಳಂಥೋಳು ಈ ಭೂಮಿ ಮೇಲೆ ಇನ್ನೊಬ್ಬಳಿಲ್ಲ ಕಣೋ,” ಎಂದ, ಗಟ್ಟಿಯಾಗಿ, ಬಂಕರಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.