ಊದದ ಸೀಟಿ

ಚೆಂಡು ಇನ್ನೂ ಮೇಲಿರುವಾಗಲೇ ಲಾರಾಸ್ ಬಿದ್ದಳು. ವಾಲಿಬಾಲ್ ಬಲೆಯ ಪಕ್ಕದ ಎತ್ತರದ ಅಟ್ಟಣೆಯಲ್ಲಿ ನಿಂತಿದ್ದ ರೆಫ್ರಿ ವೆನಿಂಗ್‌ಗೆ ಅದು ಚೆನ್ನಾಗಿಯೇ ಕಂಡಿತು. ಸೀಟಿ ಬಾಯಲ್ಲೇ ಇತ್ತು. ಆದರೆ ಬಿದ್ದವಳು ಅವಳ ಸ್ವಂತ ತಂಗಿ.

ಆಟಗಾರ್ತಿಗೆ ದೊಡ್ಡ ಪೆಟ್ಟಾದರೆ ಆ ಕ್ಷಣವೇ ಆಟ ನಿಲ್ಲಿಸಬೇಕು, ಆ ಪಾಯಿಂಟನ್ನು ಮತ್ತೆ ಆಡಿಸಬೇಕು. ಹೋದ ಭಾನುವಾರ ಹಾಗೆ ಮಾಡಿಯೇ ವೆನಿಂಗ್ ಮೂರ್ಖಳಾಗಿದ್ದಳು. ಸೋಲುವ ಹೊತ್ತಿಗೆ ಸರಿಯಾಗಿ ಕಾಲು ಹಿಡಿದು ಕಿರುಚಿದ ಲಾರಾಸ್, ಸೀಟಿ ಕೇಳಿದ್ದೇ ತಡ, ಎದ್ದು ನಿಂತು ಅಕ್ಕನತ್ತ ಕಣ್ಣು ಹೊಡೆದಿದ್ದಳು. ಆಡಿಕೊಳ್ಳಲು ನಮ್ಮ ಜಾವಾದ ಹೆಂಗಸರಿಗೆ ಇಷ್ಟು ಸಾಲದೇ? ಸೋಯಾ ಕಾಳಿನ ತೆಂಪೆ ಕರಿದು ಮಾರುವ ಅಂಗಡಿಯಲ್ಲೂ ಎದುರಾಳಿ ತಂಡದ ಕೆಳಗೇರಿಯವರು "ಸೀಟಿನೂ ಅವರ ಮನೇದೇ" ಎಂದು ಕಿಸಕ್ಕನೆ ನಗುತ್ತಿದ್ದರು. ಇವತ್ತು ಫೈನಲ್. ಇನ್ನೊಂದೇ ಪಾಯಿಂಟು ಸಿಕ್ಕರೆ ಗೆಲುವು ಕೆಳಗೇರಿಯದು. ಬಹುಮಾನದ ಆಡು ಕಂಬದ ಬುಡದಲ್ಲಿ ಹಲಸಿನೆಲೆ ಮೆಲ್ಲುತ್ತಿತ್ತು.

ಮತ್ತದೇ ನಾಟಕ ಎಂದುಕೊಂಡು ವೆನಿಂಗ್ ಸೀಟಿಯನ್ನು ಕಚ್ಚಿ ಹಿಡಿದಳು.

ಚೆಂಡು ನೆಲ ಮುಟ್ಟಿದ ಮೇಲಷ್ಟೇ ಊದಿದಳು. ಕೆಳಗೇರಿ ಕುಣಿಯಿತು. ಲಾರಾಸ್ ಏಳಲಿಲ್ಲ. ಅವಳ ಬಲಪಾದ ಸೊಟ್ಟಗೆ ತಿರುಗಿತ್ತು.

"ಯಾರೂ ಮುಟ್ಬೇಡಿ ಅವಳನ್ನ! ಗಾಡಿ ತನ್ರೋ!" ಎರಡನೇ ರೆಫ್ರಿ, ಮುದುಕ ಸುರಾದಿ ಕೂಗಿದ.

ವೆನಿಂಗ್ ಇಳಿದು ಓಡಿದಳು.

"ನೀನು ನೋಡ್ತಾನೇ ಇದ್ದೆ, ಅಕ್ಕಾ," ಎಂದಳು ಲಾರಾಸ್. ತುಟಿ ಬಿಳಿಚಿಕೊಂಡಿತ್ತು.

"ಸುಳ್ಳು ಅಂದ್ಕೊಂಡೆ ಕಣೇ."

"ಅವತ್ತಿಂದು ಸುಳ್ಳು. ಇದಲ್ಲ."

ನಾಲ್ವರು ಅವಳನ್ನು ಹಲಗೆಯ ಮೇಲೆ ಮಲಗಿಸಿ ವ್ಯಾನಿಗೆ ಏರಿಸಿದರು. ವೆನಿಂಗ್‌ಗೆ ತಂಗಿಯ ಜೊತೆ ಹೋಗಬೇಕೆನಿಸಿತು. ಅಂಕದ ಪುಸ್ತಕ ಹಿಡಿದು ಬಂದ ಸುರಾದಿ ಅವಳ ತೋಳು ಹಿಡಿದ.

"ಏನ್ ಬರೀಲಮ್ಮಾ? ಅವಳು ಬಿದ್ದಿದ್ದು ಮೊದ್ಲೋ, ಚೆಂಡು ಮೊದ್ಲೋ? ನಂಗೆ ಕಾಣ್ಲಿಲ್ಲ."

ಚೆಂಡೇ ಮೊದಲು ಎಂದುಬಿಟ್ಟರೆ ಕೆಳಗೇರಿ ಗೆದ್ದು ಆಟ ಅಲ್ಲಿಗೆ ಮುಗಿಯುತ್ತಿತ್ತು. ಕೆಳಗೇರಿಯೂ ಅವಳನ್ನು ಪ್ರಾಮಾಣಿಕಳೆಂದು ಹೊಗಳುತ್ತಿತ್ತು.

"ಅವಳೇ ಮೊದ್ಲು. ನೋಡಿದ್ದೆ, ಊದ್ಲಿಲ್ಲ. ತಪ್ಪು ನಂದು. ಆ ಪಾಯಿಂಟ್ ಮತ್ತೆ ಆಡಿಸ್ಬೇಕು."

"ನೋಡಿದ್ರಾ, ಕೊನೆಗೂ ತಂಗಿ ಕಡೇನೇ!" ಎಂದಿತು ಕೆಳಗೇರಿ.

"ಕಾಲು ಮುರಿದ್ಮೇಲೆ ನ್ಯಾಯ ನೆನಪಾಯ್ತಾ?" ಎಂದರು ಅವಳದೇ ಕೇರಿಯವರು.

ವ್ಯಾನು ಹೊರಟಿತು. ಲಾರಾಸ್ ಬಿದ್ದ ಜಾಗದಲ್ಲಿ ಬದಲಿ ಹುಡುಗಿ ಬಂದು ನಿಂತಳು. ವೆನಿಂಗ್ ಅಟ್ಟಣೆ ಹತ್ತಿ, ಹಲ್ಲಿನ ಗುರುತು ಬಿದ್ದ ಸೀಟಿಯನ್ನು ಮತ್ತೆ ಬಾಯಿಗಿಟ್ಟಳು. ಎರಡೂ ಕೇರಿಯವರು ಚೆಂಡನ್ನು ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದರು.