ಅಜ್ಜಿಯ ದಡದ ಪಾಚಿ

ಶಾಂತಸಾಗರದ ತುವಾಲು ದೇಶದ ಒಂದು ದ್ವೀಪದ ಒಳಗಡಲಲ್ಲಿ ಪಾಚಿ ಕವಿದಿತ್ತು. ಸೆಮಿಸಿಯ ತರಕಾರಿ ತೋಟದ ಗೊಬ್ಬರವೇ ಕಾರಣವಾದರೆ ತೋಟ ಮುಚ್ಚಿಸಲು ಹಿರಿಯರು ಸಭೆಮನೆಯಲ್ಲಿ ಸೇರಿದ್ದರು. ಪಾಚಿಯನ್ನು ಪರೀಕ್ಷೆಗೆ ಕಳಿಸಿದ್ದ ಲಿಸೆಪಾಳ ಕೈಯಲ್ಲಿ ಅದರ ಫಲಿತಾಂಶವಿತ್ತು. ಪಾಚಿ ಹೀರಿದ ಸಾರಜನಕ ಎಲ್ಲಿಂದ ಬಂತೆಂದು ಅದರ ತೂಕವೇ ಹೇಳುತ್ತದೆ: ಗೊಬ್ಬರದಿಂದ ಬಂದದ್ದು ಹಗುರ, ಹಂದಿಯ ಹೇಲಿನದು ಭಾರ. ತಾನು ಈಜು ಕಲಿತ, ಅಜ್ಜಿಯ ಹಂದಿದೊಡ್ಡಿಯ ಮುಂದಿನ ದಡ ಶುದ್ಧವೆಂದು ನಂಬಿ, ಹೋಲಿಸಿ ನೋಡಲು ಅಲ್ಲಿಯ ಪಾಚಿಯನ್ನೂ ಕಳಿಸಿದ್ದಳು. ಎಲ್ಲಕ್ಕಿಂತ ಭಾರದ್ದು ಅದರಲ್ಲೇ ಸಿಕ್ಕಿತ್ತು.

“ಸೆಮಿಸಿ ಗೊಬ್ಬರಾನೇ ಅಂತ ಹೇಳಿ ಮುಗ್ಸೇ ಮಗಾ, ನಿನ್ ಮದ್ವೆ ಊಟಕ್ಕೆ ಸಾಕಿರೋ ಹಂದಿಗಳು ಹಸ್ಕೊಂಡಿದಾವೆ,” ಎಂದಳು ಪಕ್ಕದಲ್ಲಿದ್ದ ಅಜ್ಜಿ. ಸೆಮಿಸಿಯೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು.

“ಅವನದ್ದಲ್ಲ ಅಜ್ಜಿ. ನಮ್ ದೊಡ್ಡೀದು.”

ಅಜ್ಜಿ ತನ್ನ ಚಾಪೆಯನ್ನು ಮೆಲ್ಲನೆ ದೂರಕ್ಕೆ ಎಳೆದುಕೊಂಡಳು. ಹಿರಿಯರು ಕೂತಿರುವಾಗ ಯಾರೂ ಎದ್ದು ಹೋಗುವಂತಿಲ್ಲ. ಲಿಸೆಪಾ ತಲೆ ತಗ್ಗಿಸಿ ಅಲ್ಲೇ ಕೂತಳು.