ಏಳನೇ ಗೇಟು

"ಮೇಲಿನ ಗುಂಡಿ ಹಾಕ್ಕೊಳ್ಳಿ ಭಾವ, ಫೋಟೋ ತೆಗೀತಾರೆ," ಎಂದಳು ತಮ್ಮನ ಹೆಂಡತಿ.

ಏಳನೇ ಗೇಟು ಕಾಯುತ್ತಿದ್ದ ಅವನು ಎರಡು ಸಲ ಪ್ರಯತ್ನಿಸಿದ. ಗುಂಡಿ ತೂತಿಗೆ ಸೇರಲಿಲ್ಲ. ಅವಳು ನಕ್ಕಳು. "ಅರವತ್ತು ಸಾವಿರ ಜನರನ್ನ ತಡೆದೋರು, ಒಂದು ಗುಂಡಿಗೆ ಸೋತ್ರಲ್ಲ!"

ಫುಟ್‌ಬಾಲ್ ಸ್ಟೇಡಿಯಂಗೆ ಐವತ್ತು ವರ್ಷ ತುಂಬಿತ್ತು; ಹಳೆಯ ನೌಕರನೆಂದು ಅವನಿಗೂ ಅವತ್ತು ಸನ್ಮಾನ. ಹುಲ್ಲು ಹಾಳಾಗಬಾರದೆಂದು ವೇದಿಕೆಯನ್ನು ಅಂಚಿನಲ್ಲಿ ಹಾಕಿದ್ದರು. ಪ್ರೇಕ್ಷಕರು ಕೂರುವ ಖಾಲಿ ಮೆಟ್ಟಿಲುಗಳ ಕೆಳಗೆ ಇನ್ನೂರು ಕುರ್ಚಿ. ಹಂಚಿದ ಪುಸ್ತಕದಲ್ಲಿ ಎಲ್ಲವೂ ಇತ್ತು: ಇಟ್ಟಿಗೆ ಗೂಡುಗಳಿದ್ದ ತಗ್ಗನ್ನು ತುಂಬಿಸಿ ಕಟ್ಟಿದ್ದು, ಮೊದಲ ಫೈನಲ್, ಪ್ರವಾಹದ ವರ್ಷ ಗೋಲಿನ ಕಂಬಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿಕೊಂಡು ಮೂರು ತಿಂಗಳು ಬದುಕಿದ ಸಂಸಾರಗಳು, ಭಾಷಣಗಳು, ಸಂಗೀತ ಸಂಜೆಗಳು. ಅವಳು ಒಂದೊಂದೇ ಪುಟ ಮಗುಚಿ ಕೊನೆಯವರೆಗೆ ಹೋದಳು. ಮತ್ತೆ ಮೊದಲಿನಿಂದ ಹುಡುಕಿದಳು.

"ಆ ವರ್ಷದ್ದು ಇಲ್ಲ."

"ಇರಲ್ಲಮ್ಮ," ಎಂದ ಅವನು.

ಆ ವರ್ಷ, ಸೆಮಿಫೈನಲ್ ದಿನ, ಪೂರ್ವದ ಮೆಟ್ಟಿಲುಗಳ ಮೇಲಿನ ಚಾವಣಿ ಕುಸಿಯುತ್ತಿದೆಯೆಂದು ಯಾರೋ ಕೂಗಿದ್ದರು. ಜನ ಏಳನೇ ಗೇಟಿಗೆ ನುಗ್ಗಿದರು. ಗೇಟಿಗೆ ಬೀಗ. ಹೊರಗೆ ದೊಡ್ಡವರ ಕಾರುಗಳು ಹೊರಡುವವರೆಗೆ ತೆಗೆಯಕೂಡದೆಂದು ಅಪ್ಪಣೆಯಾಗಿತ್ತು. ಹತ್ತೊಂಬತ್ತು ಜನ ಸತ್ತರು. ಅವರಲ್ಲಿ ಒಬ್ಬ ಅವನ ತಮ್ಮ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಟಿಕೆಟ್ಟಿಲ್ಲದೆ ಬಂದಿದ್ದವನನ್ನು ಅದೇ ಗೇಟಿನಿಂದ ಒಳಗೆ ಬಿಟ್ಟವನು ಅಣ್ಣನೇ. ಚಾವಣಿಗೆ ಏನೂ ಆಗಿರಲಿಲ್ಲ.

ಬೀಗದ ಕೈ ಆಫೀಸಿನಲ್ಲಿತ್ತು, ತರಲು ಓಡಿದ್ದೆ ಎಂದು ಅವನು ಮನೆಯಲ್ಲಿ ಹೇಳಿದ್ದ. ಅವಳು ನಂಬಿದಳು. ಇಪ್ಪತ್ತಾರು ವರ್ಷ ಅದೇ ಮನೆಯಲ್ಲಿದ್ದು ಅವನ ತಾಯಿಯನ್ನು ಕೊನೆತನಕ ನೋಡಿಕೊಂಡಳು. ಅವನ ಹೆಂಡತಿ ಹಾಸಿಗೆ ಹಿಡಿದಾಗ ಹೇಸದೆ ಎಲ್ಲ ಬಳಿದಳು. ಯಾರಾದರೂ ಗೇಟಿನ ಮಾತೆತ್ತಿದರೆ, "ನಮ್ಮ ಭಾವ ಓಡಿದ ಹಾಗೆ ಯಾರೂ ಓಡಿರಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಧ್ಯಕ್ಷರು ಅವನನ್ನು ವೇದಿಕೆಗೆ ಕರೆದು ಹೆಗಲ ಮೇಲೆ ಕೈಯಿಟ್ಟರು. ಹೋದ ವರ್ಷ ಬಂದವರು. ಯಾರೋ ಬರೆದುಕೊಟ್ಟಿದ್ದನ್ನು ಓದಿದರು. "ಮೂವತ್ತೆರಡು ವರ್ಷ ಏಳನೇ ಗೇಟಿನ ಬೀಗದ ಕೈ ಇವರ ಸೊಂಟ ಬಿಟ್ಟು ಕದಲಲಿಲ್ಲ. ಊಟಕ್ಕೆ ಹೋದರೂ ಜೊತೆಗೇ! ಅಪ್ಪಣೆಯಿಲ್ಲದೆ ಒಂದು ದಿನವೂ ಗೇಟು ತೆರೆದವರಲ್ಲ. ಇಂಥ ನಿಷ್ಠೆ ಈಗೆಲ್ಲಿದೆ ಹೇಳಿ?"

ಚಪ್ಪಾಳೆ ಬಿತ್ತು. ಫಲಕ ತೆಗೆದುಕೊಳ್ಳುವಾಗ ಅವನು ಮೂರನೇ ಸಾಲಿನತ್ತ ನೋಡಿದ. ಅವಳೂ ತಟ್ಟುತ್ತಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೆ ಇನ್ನೆರಡು ಸಲ ತಟ್ಟಿ, ಕೈಗಳನ್ನು ಮಡಿಲಿಗೆ ಇಳಿಸಿಕೊಂಡಳು.

ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದು ಬಂದರು. ಅಲ್ಲಿ ಅವಳೇ ಕೇಳಿದಳು. "ಅವತ್ತೂ ನಿಮ್ಮ ಹತ್ರಾನೇ ಇತ್ತಾ?"

"ಇತ್ತಮ್ಮ."

"ನಮ್ಮನೆಯವ್ರು ನಿಮ್ಮನ್ನ ಕೂಗಿದ್ರಾ?"

"ಎಲ್ಲರೂ ಅಣ್ಣಾ, ಅಣ್ಣಾ ಅಂತಾನೇ ಕೂಗ್ತಿದ್ರು. ಅದರಲ್ಲಿ ಅವನ ದನಿ ಯಾವುದು ಅಂತ..."

"ಗೊತ್ತಾಗ್ಲಿಲ್ವಾ?"

ಅವನು ಫಲಕವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

"ಗೊತ್ತಾಯ್ತು," ಎಂದ.

ಅವಳು ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನು ಅವಳ ಕಾಲಿಗೆ ಬೀಳಬಹುದಿತ್ತು. ಅದಕ್ಕೂ ಎಡೆ ಕೊಡಲಿಲ್ಲ. ಬಸ್ಸು ಬಂತು. ಇಬ್ಬರ ಟಿಕೆಟ್ಟನ್ನೂ ಅವಳೇ ಕೊಂಡು, ಅವನದನ್ನು ಅವನ ಕೈಗೆ ಕೊಟ್ಟು, ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಅವನು ನಾಲ್ಕು ಸಾಲು ಹಿಂದೆ ಕೂತ.

ಔಷಧಿ ಅಂಗಡಿ ಬಂತು, ನೀರಿನ ಟ್ಯಾಂಕು ಬಂತು, ಅವರ ಸ್ಟಾಪು ಬಂತು. ಅವಳು ಏಳಲಿಲ್ಲ. ಕಂಡಕ್ಟರ್ ಸ್ಟಾಪಿನ ಹೆಸರನ್ನು ಎರಡು ಸಲ ಕೂಗಿ ಸೀಟಿ ಊದಿದ. ಅವನೂ ಏಳಲಿಲ್ಲ.

ಜನ ಒಬ್ಬೊಬ್ಬರಾಗಿ ಇಳಿಯುತ್ತಾ ಹೋದರು. ಗುರುತಿಲ್ಲದ ಬೀದಿಗಳು ಶುರುವಾದವು. ಮುಂದೆ ಅವಳ ತಲೆ ಕಿಟಕಿಯ ಸರಳಿಗೆ ಒರಗಿತ್ತು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಸರಳಿಗೆ ಬಡಿಯುತ್ತಿತ್ತು. ಅವಳು ಅದನ್ನು ಅಲ್ಲಿಂದ ತೆಗೆಯಲಿಲ್ಲ.